ತವರಿಗೂ ಕೊಟ್ಟ ಮನೆಗೂ ಕಾವಲು ನಿಂತ ಚಾಂದಬೀಬಿ

ಬಿಜಾಪುರದ ಸುಲ್ತಾನ ಮೊದಲನೆಯ ಅಲಿ ಆದಿಲಶಹಾ 1580ರಲ್ಲಿ ತೀರಿಹೋಗಿ ಹೆಚ್ಚು ದಿನವಾಗಿರಲಿಲ್ಲ. ಅವನ ವಿಧವೆಯನ್ನು, ರಾಜ್ಯ ನೋಡಿಕೊಳ್ಳುತ್ತಿದ್ದ ಮಂತ್ರಿಯೇ ಸೆರೆಹಿಡಿಸಿ ಸಾತಾರದ ಬೆಟ್ಟದ ಕೋಟೆಗೆ ಕಳಿಸಿದ. ಅವಳ ಮೇಲೆ ಹೊರಿಸಿದ ಅಪರಾಧ ಒಂದೇ: ತವರಿನವರ ಜೊತೆ ಸೇರಿ ಗಂಡನ ರಾಜ್ಯಕ್ಕೆ ದ್ರೋಹ ಬಗೆದಳು. ಇಪ್ಪತ್ತು ವರ್ಷದ ಮೇಲೆ ಅಹಮದನಗರದ ಕೋಟೆಯೊಳಗೆ ಅದೇ ಹೆಂಗಸಿನ ಮೇಲೆ ಮತ್ತೊಂದು ದ್ರೋಹದ ಆರೋಪ ಬಂತು. ಈ ಸಲ ತವರನ್ನೇ ಮೊಗಲರಿಗೆ ಮಾರಿದಳು ಎಂದು ಕೂಗಿದರು. ಮೊದಲ ಸಲ ಸೆರೆಮನೆಯಿಂದ ಬದುಕಿ ಬಂದಳು. ಎರಡನೆಯ ಸಲ ತನ್ನವರ ಕೈಯಲ್ಲೇ ಕೊಲೆಯಾದಳು.

ಅವಳ ಹೆಸರು ಚಾಂದಬೀಬಿ. ಶಾಲೆಯ ಪುಸ್ತಕದಲ್ಲಿ ಆಕೆಗೆ ಸಿಕ್ಕಿರುವುದು ಒಂದು ಚಿತ್ರ: ಒಡೆದ ಕೋಟೆಗೋಡೆಯ ಮೇಲೆ, ಮುಖಕ್ಕೆ ಪರದೆ ಎಳೆದು, ಕತ್ತಿ ಹಿರಿದು ನಿಂತ ವೀರರಾಣಿ. ಆ ಚಿತ್ರ ಸುಳ್ಳಲ್ಲ. ಆದರೆ ಅದು ಐವತ್ತು ವರ್ಷದ ಬಾಳಿನ ಒಂದು ಸಂಜೆ ಮಾತ್ರ. ಆ ಸಂಜೆಗೆ ಆಕೆ ತಯಾರಾದದ್ದು ಎಲ್ಲಿ, ಆಮೇಲೆ ಏನು ಮಾಡಿದಳು, ಏಕೆ ಸತ್ತಳು ಎಂದು ಕೇಳುತ್ತ ಹೋದರೆ ಕತ್ತಿಗಿಂತ ದೊಡ್ಡ ಧೈರ್ಯವೊಂದು ಕಾಣಿಸುತ್ತದೆ.

ಈ ಕತೆ ನಡೆದ ನೆಲ ನಮಗೆ ದೂರದ್ದಲ್ಲ. ಮಹಾಬಳೇಶ್ವರದಲ್ಲಿ ಹುಟ್ಟಿದ ಕೃಷ್ಣೆ ಸಾತಾರದ ಬಯಲು, ಕರಾಡ, ಸಾಂಗಲಿ ದಾಟಿ, ನರಸೋಬಾವಾಡಿಯಲ್ಲಿ ಪಂಚಗಂಗೆಯನ್ನು ಕೂಡಿಕೊಂಡು ಜುಗೂಳದ ದಂಡೆಗೆ ಬರುತ್ತಾಳೆ. ಇಂದು ಈಚೆ ದಂಡೆಯ ಜುಗೂಳ ಕರ್ನಾಟಕದ್ದು, ಆಚೆ ದಂಡೆಯ ಖಿದ್ರಾಪುರ ಮಹಾರಾಷ್ಟ್ರದ್ದು. 16ನೆಯ ಶತಮಾನದಲ್ಲಿ ಎರಡೂ ದಂಡೆ ಬಿಜಾಪುರದ ಆದಿಲಶಾಹಿಯ ಸೀಮೆ. ಅಥಣಿ, ರಾಯಬಾಗ, ಹುಕ್ಕೇರಿ, ಮಿರಜ ಎಲ್ಲವೂ ಬಿಜಾಪುರದ ತಖ್ತಿಗೆ ಕಂದಾಯ ಕಟ್ಟುತ್ತಿದ್ದ ಊರುಗಳು. ಬಿಜಾಪುರಕ್ಕೂ ಚಾಂದಬೀಬಿಯನ್ನು ಸೆರೆಯಿಟ್ಟ ಸಾತಾರಕ್ಕೂ ನಡುವೆ ಇರುವುದೇ ಈ ಹೊಳೆಸಾಲು.

ಬಳುವಳಿಯಾಗಿ ಬಂದ ಕೋಟೆ

ಚಾಂದಬೀಬಿ ಅಹಮದನಗರದ ಹುಸೇನ ನಿಜಾಮಶಹಾನ ಮಗಳು. ಹುಟ್ಟಿದ್ದು 1550ರ ಆಸುಪಾಸು. ಆಗ ದಖ್ಖನದಲ್ಲಿ ಐದು ಶಾಹಿಗಳು ಇದ್ದವು. ಬಿಜಾಪುರ, ಅಹಮದನಗರ, ಗೋಲ್ಕೊಂಡ, ಬೀದರ, ವರ್‍ಹಾಡ. ದಕ್ಷಿಣಕ್ಕೆ ವಿಜಯನಗರ. ಈ ಐವರೂ ಒಬ್ಬರೊಡನೊಬ್ಬರು ಬಡಿದಾಡುತ್ತ, ಬೇಕಾದಾಗ ವಿಜಯನಗರದ ರಾಮರಾಯನನ್ನು ಕರೆತಂದು ಎದುರಾಳಿಯ ಸೊಕ್ಕು ಮುರಿಸುತ್ತ ಕಾಲ ಕಳೆದಿದ್ದರು. ಕೊನೆಗೆ ರಾಮರಾಯನೇ ಎಲ್ಲರಿಗೂ ಭಾರವಾದಾಗ ಹಳೆಯ ಹಗೆ ಮರೆಯಬೇಕಾಯಿತು. ಮರೆಯಲು ಆ ಕಾಲಕ್ಕೆ ಗೊತ್ತಿದ್ದ ದಾರಿ ಬೀಗತನ.

ಹುಸೇನನ ಮಗಳು ಚಾಂದಬೀಬಿಯನ್ನು ಬಿಜಾಪುರದ ಅಲಿ ಆದಿಲಶಹಾನಿಗೆ ಕೊಟ್ಟರು. ಅಲಿಯ ತಂಗಿ ಹದಿಯಾ ಸುಲ್ತಾನಳನ್ನು ಹುಸೇನನ ಮಗ ಮುರ್ತಜಾನಿಗೆ ತಂದರು. ಎರಡು ರಾಜ್ಯಗಳೂ ಹಲವು ಸಲ ರಕ್ತ ಹರಿಸಿದ್ದ ಸೊಲ್ಲಾಪುರದ ಕೋಟೆ ಚಾಂದಬೀಬಿಯ ಬಳುವಳಿಯಾಗಿ ಬಿಜಾಪುರಕ್ಕೆ ಬಂತು. ಆ ನಂಟಿನ ಬಲದ ಮೇಲೆ ಕೂಡಿದ ಸೈನ್ಯ 1565ರ ಜನವರಿಯಲ್ಲಿ ಕೃಷ್ಣೆಯ ದಂಡೆಯಲ್ಲೇ ರಾಮರಾಯನನ್ನು ಸೋಲಿಸಿತು. ನಾವು ತಾಳಿಕೋಟೆ, ರಕ್ಕಸಗಿ-ತಂಗಡಗಿ ಎಂದು ಕರೆಯುವ ಯುದ್ಧ ಅದು. ಅಲಿಯ ಹೆಂಡತಿಗೆ ಆಗ ಹದಿನೈದರ ಆಸುಪಾಸಿನ ವಯಸ್ಸು.

ರಾಜ್ಯ ಆಳುವ ಹೆಂಗಸನ್ನು ಆಕೆ ಹತ್ತಿರದಿಂದ ಬಲ್ಲವಳು. ಅದೇ ವರ್ಷ ಹುಸೇನ ತೀರಿಕೊಂಡಾಗ ಮಗ ಮುರ್ತಜಾ ಇನ್ನೂ ಚಿಕ್ಕವ. ತಾಯಿ ಖುಂಜಾ ಹುಮಾಯೂನಳೇ ಅಹಮದನಗರದ ಆಡಳಿತ ಹಿಡಿದು ಕೆಲವು ವರ್ಷ ನಡೆಸಿದಳು. ಆಮೇಲೆ ಮಗನೇ ಅವಳನ್ನು ಸೆರೆಯಲ್ಲಿಟ್ಟ. ಹುಸೇನನ ಕಾಲದ ಸಾಹಸ ಹೇಳುವ ‘ತಾರೀಫ್-ಎ-ಹುಸೇನ್‌ಶಾಹಿ’ ಎಂಬ ಸಚಿತ್ರ ಹಸ್ತಪ್ರತಿ ಈಗ ಪುಣೆಯ ಭಾರತ ಇತಿಹಾಸ ಸಂಶೋಧಕ ಮಂಡಳದಲ್ಲಿದೆ. ಅದರ ಚಿತ್ರಗಳಲ್ಲಿ ಸುಲ್ತಾನನ ಪಕ್ಕ ಕುಳಿತಿದ್ದ ರಾಣಿಯ ಆಕೃತಿಯನ್ನು ಉಜ್ಜಿ ಅಳಿಸಿದ್ದಾರೆ. ಅಧಿಕಾರ ನಡೆಸಿದ ಹೆಂಗಸಿಗೆ ಕೊನೆಗೆ ಏನು ಕಾದಿರುತ್ತದೆ ಎಂಬುದು ಮಗಳಿಗೆ ತಾಯಿಯ ಬಾಳಿನಿಂದಲೇ ಗೊತ್ತಾಗಿರಬೇಕು.

ಬಿಜಾಪುರದಲ್ಲಿ ಅವಳದು ಜನಾನಾದ ನಾಲ್ಕು ಗೋಡೆಯ ಬದುಕಾಗಿರಲಿಲ್ಲ. ಗಂಡನ ಜೊತೆ ಕುದುರೆ ಏರಿ ಬೇಟೆಗೂ ದಂಡಿಗೂ ಹೋಗುತ್ತಿದ್ದಳು ಎಂದು ಬಿಜಾಪುರದ ಪರಂಪರೆ ಹೇಳುತ್ತದೆ. ಅರಬ್ಬಿ, ಫಾರಸಿ, ತುರ್ಕಿಯ ಜೊತೆಗೆ ಮರಾಠಿಯನ್ನೂ ಕನ್ನಡವನ್ನೂ ಬಲ್ಲವಳು, ಸಿತಾರ ನುಡಿಸುವವಳು, ಹೂವಿನ ಚಿತ್ರ ಬರೆಯುವವಳು ಎಂಬ ಹೆಸರೂ ಇತ್ತು. ಅವಳು ಸತ್ತು ನೂರು ವರ್ಷವಾದ ಮೇಲೂ ದಖ್ಖನದ ಚಿತ್ರಗಾರರು ಅವಳನ್ನು ಬಿಡಿಸುತ್ತಲೇ ಇದ್ದರು. ಆ ಚಿತ್ರಗಳಲ್ಲಿ ಬಹಳಷ್ಟು ಒಂದೇ ಬಗೆಯವು: ಓಡುವ ಕುದುರೆ, ಕೈಮೇಲೆ ಡೇಗೆ, ಹಿಂದೆ ಮುಂದೆ ಪರಿವಾರ. ಅಂಥ ಒಂದು ಚಿತ್ರ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಯುದ್ಧದ ರಾಣಿಯನ್ನು ಚಿತ್ರಗಾರರು ಬೇಟೆಯ ಖುಷಿಯಲ್ಲಿ ನೆನೆದರು. ಅಲಿ ಅವಳ ಹೆಸರಲ್ಲಿ ಬಿಜಾಪುರದಲ್ಲಿ ಚಾಂದ್ ಬಾವಡಿ ಕಟ್ಟಿಸಿದ. ಊರಿಗೆ ನೀರು ಕೊಡುತ್ತಿದ್ದ ಆ ಬಾವಿ ಇಂದಿಗೂ ಆಕೆಯ ಹೆಸರಿನಲ್ಲೇ ಇದೆ.

ಒಂಬತ್ತರ ಹುಡುಗ, ನಾಲ್ಕು ಮಂತ್ರಿಗಳು

1580ರಲ್ಲಿ ಅಲಿ ತನ್ನ ಅರಮನೆಯಲ್ಲೇ ಸೇವಕನೊಬ್ಬನ ಇರಿತಕ್ಕೆ ಬಲಿಯಾದ. ಮಕ್ಕಳಿರಲಿಲ್ಲ. ತಮ್ಮನ ಮಗ ಇಬ್ರಾಹಿಮನನ್ನು ಮೊದಲೇ ವಾರಸುದಾರನೆಂದು ಸಾರಿದ್ದ. ಹುಡುಗನಿಗೆ ಒಂಬತ್ತು ವರ್ಷ. ಅವನನ್ನು ಬೆಳೆಸಿ ಓದಿಸುವ ಹೊಣೆ ಚಾಂದಬೀಬಿಗೆ, ರಾಜ್ಯದ ಕೆಲಸ ಕಾಮಿಲಖಾನನೆಂಬ ದಖನಿ ಸರದಾರನಿಗೆ. ಬುಧವಾರ, ಶುಕ್ರವಾರ ಬಿಟ್ಟು ಉಳಿದ ದಿನ ಹುಡುಗನನ್ನು ತಖ್ತಿನ ಮೇಲೆ ಕೂರಿಸಿ ದರಬಾರು ನಡೆಸುತ್ತಿದ್ದರು.

ಬಿಜಾಪುರದ ದರಬಾರಿನಲ್ಲಿ ಆಗ ಮೂರು ಬಣ. ಈ ನೆಲದಲ್ಲೇ ಹುಟ್ಟಿ ಬೆಳೆದ ದಖನಿಗಳು. ಆಫ್ರಿಕದಿಂದ ಗುಲಾಮರಾಗಿ ಬಂದು ಸರದಾರಿಕೆಗೆ ಏರಿದ ಹಬಶಿಗಳು. ಇರಾಣ, ತುರಾಣದಿಂದ ನೌಕರಿ ಹುಡುಕಿ ಬಂದ ಪರದೇಶಿಗಳು. ಅದರ ಮೇಲೆ ಶಿಯಾ-ಸುನ್ನಿ ಎಂಬ ಇನ್ನೊಂದು ಒಡಕು. ಸುಲ್ತಾನ ಗಟ್ಟಿಯಾಗಿದ್ದಾಗ ಇವರೆಲ್ಲ ಅವನ ಕೈಯ ಬೆರಳುಗಳು. ಹುಡುಗ ಕುಳಿತ ಗಳಿಗೆಯಿಂದ ಒಬ್ಬರ ಕತ್ತಿಗೆ ಒಬ್ಬರ ಕೊರಳು.

ಕಾಮಿಲಖಾನ ಕೆಲವೇ ದಿನದಲ್ಲಿ ಎಲ್ಲವನ್ನೂ ತನ್ನ ಮುಷ್ಟಿಗೆ ತೆಗೆದುಕೊಂಡು ಚಾಂದಬೀಬಿಯನ್ನು ಲೆಕ್ಕಕ್ಕೇ ಇಡದೆ ನಡೆದ. ಆಕೆ ಹಾಜಿ ಕಿಶ್ವರಖಾನನೆಂಬ ಮತ್ತೊಬ್ಬ ಸರದಾರನಿಗೆ ಹೇಳಿಕಳಿಸಿದಳು. ಅವನ ಜನ ಕೋಟೆ ಹೊಕ್ಕರು. ಕಾಮಿಲಖಾನ ತಪ್ಪಿಸಿಕೊಂಡು ಓಡುವಾಗ ಸಿಕ್ಕಿ ಹತನಾದ. ಆದರೆ ಒಬ್ಬನನ್ನು ಇಳಿಸಲು ಕರೆದವನು ಅವನಿಗಿಂತ ದುಷ್ಟನಾದ.

ಅಹಮದನಗರದ ಸೈನ್ಯ ಬಿಜಾಪುರದ ಗಡಿಗೆ ಬಂದು ಸೋತು ಹೋದದ್ದು ಇದೇ ವೇಳೆ. ಗೆದ್ದ ಸರದಾರರು ಹಿಡಿದ ಆನೆಗಳನ್ನೆಲ್ಲ ತನಗೆ ಒಪ್ಪಿಸಬೇಕೆಂದು ಕಿಶ್ವರಖಾನ ಹುಕುಂ ಹೊರಡಿಸಿದ. ಅವರು ಸಿಟ್ಟಾದರು. ಇವನ ಬದಲು ಬಂಕಾಪುರದಲ್ಲಿದ್ದ ಮುಸ್ತಫಾಖಾನನನ್ನು ಮಂತ್ರಿಯಾಗಿ ಕರೆಸಬೇಕೆಂದು ಮಾತನಾಡಿಕೊಂಡರು. ಮುಸ್ತಫಾಖಾನ ಅಲಿಯ ಕಾಲದ ಹಿರಿಯ, ಎಲ್ಲರೂ ಗೌರವಿಸುತ್ತಿದ್ದ ಸಯ್ಯದ. ಸುದ್ದಿ ತಿಳಿದ ಕಿಶ್ವರಖಾನ ಸುಲ್ತಾನನ ಮೊಹರು ಹಾಕಿದ ಸುಳ್ಳು ಫರ್ಮಾನು ಕಳಿಸಿ, ಬಂಕಾಪುರದಲ್ಲೇ ಅವನನ್ನು ಕೊಲ್ಲಿಸಿದ. ಇಂದಿನ ಹಾವೇರಿ ಜಿಲ್ಲೆಯ ಆ ಕೋಟೆಯಲ್ಲಿ ನಡೆದ ಕೊಲೆಯ ಸುದ್ದಿ ಬಿಜಾಪುರಕ್ಕೆ ಮುಟ್ಟಿದಾಗ ಅವನನ್ನು ನೇರವಾಗಿ ಖಂಡಿಸಿದವಳು ಚಾಂದಬೀಬಿ.

ಕಿಶ್ವರಖಾನನ ಉತ್ತರವೇ ಸಾತಾರದ ಸೆರೆ. ಸೋದರ ಮುರ್ತಜಾನಿಗೆ ಗುಟ್ಟಾಗಿ ಬರೆದು ದಂಡು ಕರೆಸಿದವಳು ಇವಳೇ ಎಂದು ಹೇಳಿಸಿ ಅವಳನ್ನು ಅರಮನೆಯಿಂದ ಹೊರಗೆಳೆಸಿದ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎನ್ನುತ್ತೇವೆ. ಹೊರಗಾದ ಮೇಲೆ ಒಳಗಾಗಬೇಕಾದ ಮನೆಯೂ ಅವಳನ್ನು ಹೊರಗಿನವಳೆಂದೇ ನೋಡಬಹುದು ಎಂಬುದನ್ನು ಆ ಗಾದೆ ಹೇಳುವುದಿಲ್ಲ. ಹದಿನೈದು ವರ್ಷ ಬಿಜಾಪುರದ ರಾಣಿಯಾಗಿದ್ದವಳಿಗೆ ಅದು ಒಂದೇ ಗಳಿಗೆಯಲ್ಲಿ ಗೊತ್ತಾಯಿತು.

ಆದರೆ ಊರಿನವರು ಆ ಮಾತು ನಂಬಲಿಲ್ಲ. ಹಬಶಿ ಸರದಾರರಾದ ಇಖಲಾಸಖಾನ, ಹಮೀದಖಾನ, ದಿಲಾವರಖಾನರು ದಂಡು ತಿರುಗಿಸಿಕೊಂಡು ಬಿಜಾಪುರಕ್ಕೆ ಬಂದರು. ಕಿಶ್ವರಖಾನ ಬೀದಿಗೆ ಬಂದರೆ ಸಯ್ಯದನನ್ನು ಕೊಂದವ, ಚಾಂದಬೀಬಿಯನ್ನು ಸೆರೆಗೆ ತಳ್ಳಿದವ ಎಂದು ಜನ, ಅದರಲ್ಲೂ ಹೆಂಗಸರು, ಬಾಯಿತುಂಬ ಬೈದರು ಎಂದು ಇತಿಹಾಸಕಾರ ಫಿರಿಶ್ತಾ ಬರೆಯುತ್ತಾನೆ. ಮಂತ್ರಿ ಓಡಿಹೋದ. ಮುಂದೆ ಗೋಲ್ಕೊಂಡದಲ್ಲಿ ಮುಸ್ತಫಾಖಾನನ ಕಡೆಯವನೊಬ್ಬ ಅವನನ್ನು ಕೊಂದು ಸೇಡು ತೀರಿಸಿಕೊಂಡ. ಚಾಂದಬೀಬಿ ಸಾತಾರದಿಂದ ಮರಳಿ ಬಂದು ಮತ್ತೆ ಹುಡುಗನ ಪಕ್ಕ ಕುಳಿತಳು.

ಕುಳಿತದ್ದೇ ತಡ, ಅಹಮದನಗರ ಮತ್ತು ಗೋಲ್ಕೊಂಡದ ಸೈನ್ಯಗಳು ಒಟ್ಟಾಗಿ ಬಿಜಾಪುರವನ್ನು ಮುತ್ತಿದವು. ಮುತ್ತಿದವರಲ್ಲಿ ಒಂದು ತವರಿನ ಸೈನ್ಯ. ಊರೊಳಗೆ ಇದ್ದದ್ದು ಎರಡು ಮೂರು ಸಾವಿರ ಜನ. ಮಳೆಗಾಲದಲ್ಲಿ ಕೋಟೆಗೋಡೆಯ ಒಂದು ಭಾಗ ತಾನಾಗಿ ಕುಸಿಯಿತು. ಅದಕ್ಕಿಂತ ದೊಡ್ಡ ಬಿರುಕು ಒಳಗಿತ್ತು. ಆಗ ಅಧಿಕಾರ ಹಿಡಿದಿದ್ದ ಹಬಶಿಗಳ ಕೈಕೆಳಗೆ ದುಡಿಯಲು ಉಳಿದ ಸರದಾರರು ತಯಾರಿರಲಿಲ್ಲ. ಕೊನೆಗೆ ಹಬಶಿ ಮುಖಂಡರೇ ಚಾಂದಬೀಬಿಯ ಹತ್ತಿರ ಬಂದು, ನಮ್ಮ ಅಧಿಕಾರ ಇವರಿಗೆ ಹಿಡಿಸುವುದಿಲ್ಲ, ನೀವೇ ಬೇರೆಯವರನ್ನು ನೇಮಿಸಿ ಎಂದು ಅಧಿಕಾರ ಬಿಟ್ಟುಕೊಟ್ಟರು. ಷಾ ಅಬುಲ್ ಹಸನ್ ಮಂತ್ರಿಯಾದ. ಅವನು ಕರ್ನಾಟಕದ ಕಡೆಯ ಬರ್ಗಿ ಕುದುರೆದಂಡನ್ನು ಕರೆಸಿದ. ಅವರು ಎದುರು ನಿಂತು ಕಾದಲಿಲ್ಲ. ಶತ್ರುವಿನ ಬಿಡಾರದ ಸುತ್ತ ಸುಳಿದಾಡಿ, ಬರುವ ದವಸ, ಹುಲ್ಲು ತಡೆದು ಹಸಿವಿನಿಂದ ಸುಸ್ತು ಮಾಡಿದರು. ಒಂದು ವರ್ಷದ ಮುತ್ತಿಗೆ ಮುರಿದುಬಿತ್ತು.

ಚಾಂದಬೀಬಿ ಇಲ್ಲಿ ಎರಡು ಪಾಠ ಕಲಿತಳು ಎನ್ನಬಹುದು. ಗೋಡೆ ಬಿದ್ದರೂ ರಾಜ್ಯ ಉಳಿಯಬಲ್ಲದು, ಕಾವಲುಗಾರರು ಒಡೆದರೆ ಉಳಿಯದು. ಕೋಟೆಯೊಳಗೆ ಸಾಯುವುದೊಂದೇ ಯುದ್ಧವಲ್ಲ, ಬಯಲಿನಲ್ಲಿ ತಪ್ಪಿಸಿಕೊಂಡು ತಿರುಗುವುದೂ ಯುದ್ಧವೇ. ಇಪ್ಪತ್ತು ವರ್ಷದ ಮೇಲೆ ಆಕೆಯ ಜೀವ ಹೋದದ್ದು ಈ ಎರಡನೆಯ ಪಾಠವನ್ನು ಬಾಯಿಬಿಟ್ಟು ಹೇಳಿದ್ದಕ್ಕೆ.

1582ರಲ್ಲಿ ದಿಲಾವರಖಾನ ಜೊತೆಗಾರ ಇಖಲಾಸಖಾನನ ಕಣ್ಣು ಕೀಳಿಸಿ ತಾನೇ ಎಲ್ಲವೂ ಆದ. ಅವನ ಕಾರಭಾರ ಎಂಟು ವರ್ಷ ನಡೆಯಿತು. ಚಾಂದಬೀಬಿಗೆ ಅಲ್ಲಿ ಮಾಡಲು ಏನೂ ಉಳಿಯಲಿಲ್ಲ. ಇಬ್ರಾಹಿಮನ ಸೋದರಿ ಖದೀಜಾಳನ್ನು ಮುರ್ತಜಾನ ಮಗನಿಗೆ ಮದುವೆ ಮಾಡಿಕೊಡಲು ಅಹಮದನಗರಕ್ಕೆ ದಿಬ್ಬಣ ಹೊರಟಾಗ ಆಕೆಯೂ ಹೊರಟಳು. ಇಪ್ಪತ್ತು ವರ್ಷದ ಮೇಲೆ ತವರಿಗೆ ಬಂದಳು.

ಹುಕ್ಕೇರಿಯ ಕಿಡಿ, ಅಹಮದನಗರದ ಬೆಂಕಿ

ತವರು ಉರಿಯುತ್ತಿತ್ತು. 1588ರಲ್ಲಿ ಮುರ್ತಜಾನನ್ನು ಮಗನೇ ಕೊಂದ. ಮರುವರ್ಷ ಆ ಮಗನನ್ನು ಸರದಾರರು ಕೊಂದರು. ಕೊನೆಗೆ ಮುರ್ತಜಾನ ತಮ್ಮ ಬುರ್ಹಾನ ಮೊಗಲ ದರಬಾರಿನಿಂದ ಬಂದು 1591ರಲ್ಲಿ ತಖ್ತು ಹಿಡಿದ.

ಅಹಮದನಗರದ ಕೊನೆಯ ಅಧ್ಯಾಯಕ್ಕೆ ಕಿಡಿ ಬಿದ್ದದ್ದು ಬೆಳಗಾವಿ ಸೀಮೆಯಲ್ಲಿ. ಇಬ್ರಾಹಿಮನ ತಮ್ಮ ಇಸ್ಮಾಯಿಲನನ್ನು ಬೆಳಗಾವಿ ಕೋಟೆಯಲ್ಲಿ ಇರಿಸಿದ್ದರು. ಅವನು ಅಣ್ಣನ ಮೇಲೆ ದಂಗೆ ಎದ್ದ. ಹುಕ್ಕೇರಿಯ ಜಹಗೀರದಾರ ಐನ್-ಉಲ್-ಮುಲ್ಕ್ ಅವನ ಬೆನ್ನಿಗೆ ನಿಂತ. ಬುರ್ಹಾನ ಇದೇ ಸಮಯವೆಂದು ದಂಗೆಕೋರರ ನೆರವಿಗೆ ಅಹಮದನಗರದಿಂದ ಹೊರಟ. ಅವನು ದಾರಿಯಲ್ಲಿರುವಾಗಲೇ ದಂಗೆ ಅಡಗಿತು. ಐನ್-ಉಲ್-ಮುಲ್ಕ್ ಸತ್ತ. ಆದರೆ ಎರಡು ಮನೆಗಳ ಹಳೆಯ ಹಗೆ ಮತ್ತೆ ಹೊತ್ತಿಕೊಂಡಿತ್ತು. 1595ರಲ್ಲಿ ಬುರ್ಹಾನ ಕಾಯಿಲೆಯಿಂದ ತೀರಿಕೊಂಡ. ಅವನ ಮಗ ಪಟ್ಟಕ್ಕೆ ಬಂದು ಕೆಲವೇ ತಿಂಗಳಲ್ಲಿ ಬಿಜಾಪುರದ ಸೈನ್ಯದ ಎದುರು ಕಾದಿ ಸತ್ತ. ಅವನ ಕೂಸು ಬಹಾದುರ ಉಳಿಯಿತು.

ಅಹಮದನಗರದಲ್ಲಿ ಈಗ ನಾಲ್ಕು ಬಣ, ನಾಲ್ಕು ಸುಲ್ತಾನರು. ಮಂತ್ರಿ ಮಿಯಾ ಮಂಜು ಅಹಮದನೆಂಬ ಹುಡುಗನನ್ನು ರಾಜವಂಶದವನೆಂದು ಕೂರಿಸಿದ. ಹಬಶಿಗಳ ಒಂದು ಗುಂಪು ಮೋತಿ ಎಂಬ ಇನ್ನೊಂದು ಮಗುವನ್ನು ಹಿಡಿದುಕೊಂಡಿತು. ಅಭಂಗಖಾನನೆಂಬ ಹಬಶಿ ಸರದಾರ ಮುದುಕ ಷಾ ಅಲಿಯನ್ನು ಮುಂದೆ ತಂದ. ಚಾಂದಬೀಬಿ ಕೂಸು ಬಹಾದುರನದೇ ಹಕ್ಕು ಎಂದಳು. ನಾಲ್ವರಲ್ಲಿ ದಂಡಿಲ್ಲದವಳು ಆಕೆ ಒಬ್ಬಳೇ.

ಸೋಲುವ ಭಯದಲ್ಲಿ ಮಿಯಾ ಮಂಜು ಗುಜರಾತಿನಲ್ಲಿದ್ದ ಅಕಬರನ ಮಗ ಮುರಾದನಿಗೆ ಬರೆದು ನೆರವು ಕೇಳಿದ. ಅಕಬರನಿಗೆ ದಖ್ಖನ ಬೇಕಾಗಿತ್ತು. ಬಾಗಿಲನ್ನು ಒಳಗಿನವರೇ ತೆರೆದರು. ಮಂಜುವಿಗೆ ಪಶ್ಚಾತ್ತಾಪವಾಗುವ ಹೊತ್ತಿಗೆ ಮೊಗಲರು ಹೊರಟಾಗಿತ್ತು. ಅವನು ಕೋಟೆಯನ್ನು ಅನ್ಸಾರಖಾನನಿಗೆ ಒಪ್ಪಿಸಿ ತಾನು ಬಿಜಾಪುರದ ಗಡಿಗೆ ಹೋದ. ಚಾಂದಬೀಬಿ ಕಾಯಲಿಲ್ಲ. ಅನ್ಸಾರಖಾನನನ್ನು ತೆಗೆಸಿಹಾಕಿ, ಬಹಾದುರನ ಹೆಸರು ಸಾರಿ, ಕೋಟೆಯ ಬೀಗದಕೈ ತನ್ನ ಕೈಗೆ ತೆಗೆದುಕೊಂಡಳು. ಬಿಜಾಪುರಕ್ಕೆ, ತಾನು ಸಾಕಿ ಬೆಳೆಸಿದ ಹುಡುಗನಿಗೆ, ಬರೆದಳು. ಇಬ್ರಾಹಿಮನಿಗೆ ಆಗ ಇಪ್ಪತ್ತೈದರ ಪ್ರಾಯ. ತನ್ನ ಸೈನ್ಯದ ಎದುರು ನಿನ್ನೆ ಮೊನ್ನೆ ಕಾದಿದ ಅಹಮದನಗರವನ್ನು ಉಳಿಸಲು ಅವನು ಸುಹೈಲಖಾನನ ಕೈಕೆಳಗೆ ದೊಡ್ಡ ಕುದುರೆದಂಡು ಕಳಿಸಿದ. ಗೋಲ್ಕೊಂಡವೂ ಕೂಡಿತು.

ಒಡೆದ ಗೋಡೆ

1595ರ ಡಿಸೆಂಬರಿನಲ್ಲಿ ಮುರಾದ ಮತ್ತು ಖಾನಖಾನಾನ್ ಅಬ್ದುರ್ ರಹೀಮ ಅಹಮದನಗರದ ಎದುರು ಬಿಡಾರ ಹೂಡಿದರು. ಹಿಂದಿಯ ದೋಹೆಗಳಿಂದ ಹೆಸರಾದ ರಹೀಮ ಇವನೇ. ಕೋಟೆ ಚಾಂದಬೀಬಿಯ ಅಪ್ಪ ಕಲ್ಲಿನಲ್ಲಿ ಕಟ್ಟಿಸಿದ್ದು: ಸುತ್ತ ಆಳವಾದ ಕಂದಕ, ದುಂಡನೆಯ ಗೋಡೆ, ಕೊತ್ತಳಗಳು. ಮೇಲಿನಿಂದ ಏರಲಾಗದೆ ಮೊಗಲರು ಕೆಳಗಿನಿಂದ ಬಂದರು. ಗೋಡೆಯ ಬುಡಕ್ಕೆ ಐದು ಸುರಂಗ ಕೊರೆದು ಮದ್ದು ತುಂಬಿದರು.

ಮೊಗಲ ಬಿಡಾರದಲ್ಲೂ ಎಲ್ಲ ಸರಿಯಿರಲಿಲ್ಲ. ಮುರಾದನಿಗೂ ಖಾನಖಾನಾನನಿಗೂ ಬಗೆಹರಿಯದ ಮನಸ್ತಾಪ. ಅವರ ದಂಡಿನಲ್ಲೇ ಇದ್ದ ಶಿರಾಜಿನ ಸರದಾರನೊಬ್ಬ ಒಂದು ರಾತ್ರಿ ಕೋಟೆಗೆ ಬಂದು ಸುರಂಗಗಳು ಎಲ್ಲೆಲ್ಲಿವೆ ಎಂದು ಹೇಳಿಹೋದ. ಚಾಂದಬೀಬಿ ಒಳಗಿನಿಂದ ಅಗೆಸಿದಳು. ಎರಡು ಸುರಂಗಗಳ ಮದ್ದು ತೆಗೆಸಿದರು. ಮೂರನೆಯದನ್ನು ಬಿಡಿಸುತ್ತಿರುವಾಗಲೇ ಮುರಾದ ಖಾನಖಾನಾನನಿಗೂ ತಿಳಿಸದೆ ಬೆಂಕಿ ಕೊಡಿಸಿದ. 1596ರ ಫೆಬ್ರುವರಿ 20. ಸುಮಾರು ಐವತ್ತು ಗಜದ ಗೋಡೆ ಕಲ್ಲು ಮನುಷ್ಯರ ಸಮೇತ ಹಾರಿಹೋಯಿತು.

ಕಾವಲಿನ ಸರದಾರರು ದಿಕ್ಕೆಟ್ಟು ಹಿಂದೆ ಸರಿದರು. ಆಗ ಚಾಂದಬೀಬಿ ಕವಚ ತೊಟ್ಟು, ಮುಖಕ್ಕೆ ಪರದೆ ಎಳೆದು, ಬರಿಗತ್ತಿ ಹಿಡಿದು ಆ ಕಂಡಿಗೆ ಬಂದು ನಿಂತಳು. ಹೆಂಗಸೊಬ್ಬಳು ನಿಂತಲ್ಲಿಂದ ಓಡುವುದು ಹೇಗೆ? ಓಡಿದವರು ತಿರುಗಿದರು. ಉಳಿದ ಸುರಂಗಗಳೂ ಸಿಡಿಯಬಹುದೆಂದು ಮೊಗಲರು ಕಾದು ನಿಂತ ಹೊತ್ತು ಒಳಗಿನವರಿಗೆ ಉಸಿರು ಕೊಟ್ಟಿತು. ಕಂಡಿಗೆ ತೋಪು ಎಳೆತಂದರು, ಬಾಣಬಿರುಸು ಸುರಿದರು. ಮಧ್ಯಾಹ್ನ ಶುರುವಾದ ಕಾದಾಟ ಕತ್ತಲಾಗುವವರೆಗೆ ನಡೆದು ಕಂದಕ ಹೆಣಗಳಿಂದ ತುಂಬಿತು. ಆ ರಾತ್ರಿ ಆಕೆ ಗೋಡೆಯ ಬಳಿಯಿಂದ ಅಲುಗಲಿಲ್ಲ. ಬೆಳಗಾಗುವುದರೊಳಗೆ ಮಣ್ಣು ಕಲ್ಲಿನಿಂದ ಗೋಡೆ ಮತ್ತೆ ಎದ್ದಿತ್ತು. ಗುಂಡು ಮುಗಿದಾಗ ತಾಮ್ರದ, ಬೆಳ್ಳಿಯ, ಕೊನೆಗೆ ಚಿನ್ನದ ನಾಣ್ಯಗಳನ್ನೇ ತೋಪಿಗೆ ತುಂಬಿ ಹಾರಿಸಿದಳು ಎಂಬ ಕತೆ ಆಮೇಲೆ ಹುಟ್ಟಿ ಬೆಳೆಯಿತು. ಮೊಗಲ ಪಾಳೆಯದವರೂ ಮೆಚ್ಚಿ ತಲೆದೂಗಿದರು, ಚಾಂದಬೀಬಿ ಎನ್ನುತ್ತಿದ್ದವರು ಅಂದಿನಿಂದ ಚಾಂದ ಸುಲ್ತಾನ ಎಂದರು ಎನ್ನುತ್ತಾನೆ ಫಿರಿಶ್ತಾ. ಅವನು ಮೊದಲು ಅಹಮದನಗರದಲ್ಲಿ ನೌಕರಿ ಮಾಡಿ 1589ರಲ್ಲಿ ಬಿಜಾಪುರಕ್ಕೆ ಬಂದು ಇಬ್ರಾಹಿಮನ ಆಶ್ರಯದಲ್ಲಿ ಇತಿಹಾಸ ಬರೆದವ. ಎರಡೂ ಮನೆಯ ಉಪ್ಪು ತಿಂದವ. ಅವನ ಬರಹದಲ್ಲಿ ಆಕೆಯ ಕಡೆಗೆ ಒಲವು ಇರುವುದು ಸಹಜ.

ಮೂರನೆಯ ದಿನ ಆಕೆ ಮಾಡಿದ ಕೆಲಸವನ್ನು ಚಿತ್ರಗಾರರು ಬಿಡಿಸಲಿಲ್ಲ. ಸುಹೈಲಖಾನ ಹತ್ತಿರ ಬರುತ್ತಿದ್ದ. ಮೊಗಲರಿಗೆ ದವಸದ ಕೊರತೆ. ಒಳಗಿನವರೂ ಬಳಲಿದ್ದರು. ವರ್‍ಹಾಡ ಬಿಟ್ಟುಕೊಟ್ಟರೆ ಮುತ್ತಿಗೆ ತೆಗೆಯುತ್ತೇವೆ ಎಂದು ಮುರಾದ ಹೇಳಿಕಳಿಸಿದ. ಮೊದಲು ಒಪ್ಪದ ಚಾಂದಬೀಬಿ ಆಮೇಲೆ ಒಪ್ಪಿದಳು. ವರ್‍ಹಾಡ ಅಹಮದನಗರದ ಮೂಲ ನೆಲವಲ್ಲ. 1574ರಲ್ಲಿ ಅವಳ ಸೋದರ ಮುರ್ತಜಾ ಗೆದ್ದು ಸೇರಿಸಿಕೊಂಡ ಸೀಮೆ. ಇಪ್ಪತ್ತು ವರ್ಷದ ಹಿಂದೆ ಬಂದದ್ದನ್ನು ಕೊಟ್ಟು ನೂರು ವರ್ಷದ ತಖ್ತನ್ನು ಉಳಿಸಿಕೊಂಡಳು. ಗೆದ್ದ ಅಮಲಿನಲ್ಲಿ ಇರುವಾಗ ಇಂಥ ಲೆಕ್ಕ ಹಾಕುವುದು ಕಂಡಿಯಲ್ಲಿ ನಿಲ್ಲುವುದಕ್ಕಿಂತ ಕಷ್ಟ.

ಜುನ್ನರದ ಲೆಕ್ಕ

ಹೊರಗಿನವರು ಹೋದರು. ಒಳಗಿನವರು ಉಳಿದರು. ಮಿಯಾ ಮಂಜು ತನ್ನ ಅಹಮದನನ್ನು ಕರೆದುಕೊಂಡು ಮತ್ತೆ ಬಂದ. ಇಬ್ರಾಹಿಮ ಇಬ್ಬರನ್ನೂ ಬಿಜಾಪುರಕ್ಕೆ ಕರೆಸಿ, ಮಂಜುವಿಗೆ ನೌಕರಿ, ಅಹಮದನಿಗೆ ಜಹಗೀರು ಕೊಟ್ಟು ರಗಳೆ ಮುಗಿಸಿದ. ಚಾಂದಬೀಬಿ ಪೇಶ್ವೆಯಾಗಿ ನೇಮಿಸಿದ ಮಹಮ್ಮದಖಾನ ಅವಳ ಮೇಲೆಯೇ ತಿರುಗಿ ಮೊಗಲರಿಗೆ ಬರೆದ. ಮತ್ತೆ ಬಿಜಾಪುರದಿಂದ ಸುಹೈಲಖಾನ ಬಂದು ಕೋಟೆ ಮುತ್ತಿ ಅವನನ್ನು ಇಳಿಸಬೇಕಾಯಿತು. ಅಭಂಗಖಾನ ಪೇಶ್ವೆಯಾದ.

1597ರ ಆರಂಭದಲ್ಲಿ ಗೋದಾವರಿಯ ದಂಡೆಯ ಸೋನಪೇಠದ ಹತ್ತಿರ ಬಿಜಾಪುರ, ಗೋಲ್ಕೊಂಡ, ಅಹಮದನಗರಗಳ ಕೂಡುಸೈನ್ಯ ಸುಹೈಲಖಾನನ ಮುಂದಾಳುತನದಲ್ಲಿ ಖಾನಖಾನಾನನೊಡನೆ ಎರಡು ದಿನ ಕಾದಿ ಸೋತಿತು. ಸೋತರೂ ಗಮನಿಸಬೇಕಾದದ್ದು ಒಂದಿದೆ: ತಾಳಿಕೋಟೆಯ ಮೂವತ್ತೆರಡು ವರ್ಷದ ಮೇಲೆ ದಖ್ಖನದ ಮೂರು ಶಾಹಿಗಳು ಮತ್ತೆ ಒಂದೇ ನಿಶಾನೆಯ ಕೆಳಗೆ ನಿಂತಿದ್ದವು. ಮೊದಲ ಸಲ ಕೂಡಿಸಿದ್ದು ಅವಳ ಮದುವೆ, ಎರಡನೆಯ ಸಲ ಅವಳ ಪತ್ರಗಳು.

ಮುಂದೆ ಅಭಂಗಖಾನನೂ ಅವಳನ್ನು ಹಿಡಿದು ಕೂಸನ್ನು ತನ್ನ ವಶಕ್ಕೆ ತೆಗೆದುಕೊಳ್ಳಲು ಹೊಂಚಿದ. ಆಕೆ ಬಹಾದುರನೊಂದಿಗೆ ಕೋಟೆಯ ಬಾಗಿಲು ಹಾಕಿಸಿ ಕುಳಿತಳು. ಪೇಶ್ವೆಯೇ ತನ್ನ ಸುಲ್ತಾನನ ಕೋಟೆಯನ್ನು ಮುತ್ತಿದ. ಅಕಬರ ಸ್ವತಃ ದಕ್ಷಿಣಕ್ಕೆ ಇಳಿದು ಬಂದು, ಮಗ ದಾನಿಯಾಲ ಮತ್ತು ಖಾನಖಾನಾನನನ್ನು 1600ರಲ್ಲಿ ಅಹಮದನಗರದ ಮೇಲೆ ಕಳಿಸಿದಾಗ ಅಭಂಗಖಾನ ಒಂದು ಕೈಯೂ ನೋಡದೆ ಜುನ್ನರದ ಕಡೆಗೆ ಸರಿದುಹೋದ. ಮತ್ತೆ ಮೊಗಲರ ಸುರಂಗಗಳು ಗೋಡೆಯ ಬುಡಕ್ಕೆ ಬಂದವು. ಈ ಸಲ ಬಿಜಾಪುರದಿಂದ ಬರುವ ದಂಡಿಲ್ಲ. ಕೋಟೆಯೊಳಗಿನ ಸರದಾರರಲ್ಲಿ ಒಬ್ಬರ ಮೇಲೆ ಒಬ್ಬರಿಗೆ ನಂಬಿಕೆಯಿಲ್ಲ.

ಚಾಂದಬೀಬಿ ತನ್ನ ಲೆಕ್ಕ ಹೇಳಿದಳು. ಕೋಟೆಯನ್ನು ಕೊಟ್ಟುಬಿಡೋಣ. ಒಳಗಿನವರ ಜೀವ, ಮಾನಕ್ಕೆ ಮಾತು ತೆಗೆದುಕೊಂಡು, ಹುಡುಗ ಸುಲ್ತಾನನನ್ನು ಕರೆದುಕೊಂಡು ಜುನ್ನರಕ್ಕೆ ಹೋಗೋಣ. ಸಹ್ಯಾದ್ರಿಯ ಮಗ್ಗುಲಿನ ಜುನ್ನರ ನಿಜಾಮಶಾಹಿಯ ಮೊದಲ ನೆಲೆ. ಅಲ್ಲಿಂದ ಮತ್ತೆ ಶುರುಮಾಡಬಹುದು. ಈ ಮಾತನ್ನು ಕೇಳಿಸಿಕೊಂಡ ಜೀತಾಖಾನನೆಂಬ ಅಂತಃಪುರದ ಅಧಿಕಾರಿ ಹೊರಗೋಡಿ, ಚಾಂದ ಸುಲ್ತಾನ ಕೋಟೆಯನ್ನು ಮೊಗಲರಿಗೆ ಮಾರಿದ್ದಾಳೆ ಎಂದು ಬೀದಿಯಲ್ಲಿ ಕೂಗಿದ. ದಖನಿ ಸಿಪಾಯಿಗಳ ಗುಂಪು ಅವನ ಹಿಂದೆ ನುಗ್ಗಿ ಬಂದು, ನಾಲ್ಕು ವರ್ಷದ ಹಿಂದೆ ತಮ್ಮನ್ನು ಕಂಡಿಯಲ್ಲಿ ಕಾಪಾಡಿದವಳನ್ನು ಅವಳ ಕೋಣೆಯಲ್ಲೇ ಕೊಂದಿತು.

ಕೆಲವೇ ದಿನದಲ್ಲಿ ಸುರಂಗ ಸಿಡಿದು ಕೋಟೆ ಬಿತ್ತು. ಅದು 1600ರ ಆಗಸ್ಟ್. ದ್ರೋಹಿಯನ್ನು ಕೊಂದೆವು ಎಂದು ಬೀಗಿದವರಿಗೆ, ಆಕೆ ಇದ್ದಿದ್ದರೆ ಸಿಗುತ್ತಿದ್ದ ಜೀವದಾನ ಸಿಗಲಿಲ್ಲ. ಹುಡುಗ ಬಹಾದುರನನ್ನು ಗ್ವಾಲಿಯರ ಕೋಟೆಗೆ ಸೆರೆ ಕಳಿಸಿದರು.

ಯಾರು ಸರಿ ಎಂದು ಕಾಲ ಹೇಳಿತು

ಅಹಮದನಗರ ಬಿದ್ದ ಮೇಲೆ ನಿಜಾಮಶಾಹಿ ಮುಗಿಯಿತೇ? ಮುಗಿಯಲಿಲ್ಲ. ಹಿಂದೆ ಅಭಂಗಖಾನನ ಕೈಕೆಳಗಿದ್ದ ಮಲಿಕ ಅಂಬರನೆಂಬ ಹಬಶಿ, ಷಾ ಅಲಿಯ ಮಗನಾದ ಇನ್ನೊಬ್ಬ ಮುರ್ತಜಾನನ್ನು ಪರಾಂಡೆಯಲ್ಲಿ ಸುಲ್ತಾನನೆಂದು ಕೂರಿಸಿದ. ಮುಂದೆ ರಾಜಧಾನಿಯನ್ನು ಜುನ್ನರಕ್ಕೆ ಒಯ್ದ. ಇಬ್ರಾಹಿಮ ಆದಿಲಶಹಾನ ಬೆಂಬಲ ಕೇಳಿ ಪಡೆದ. ಮೊಗಲರ ಎದುರು ಬಯಲಿನಲ್ಲಿ ಕಾದದೆ, ಹಗುರ ಕುದುರೆಗಳ ಬರ್ಗಿ ದಂಡಿನಿಂದ ಅವರ ದವಸ ತಡೆದು, ರಾತ್ರಿ ಕಾಡಿ, ಬೆಟ್ಟಕ್ಕೆ ಸರಿದು ಅಕಬರನ ಮಗ ಜಹಾಂಗೀರನ ನಿದ್ದೆ ಕೆಡಿಸಿದ. ಅಹಮದನಗರ ಬಿದ್ದ ಮೇಲೂ ನಿಜಾಮಶಾಹಿ ಮೂವತ್ತಾರು ವರ್ಷ, 1636ರವರೆಗೆ ಉಸಿರಾಡಿತು. ಕೋಟೆ ಬಿಟ್ಟುಬಿಡು, ಜುನ್ನರ ಹಿಡಿ, ಬಿಜಾಪುರದ ನಂಟು ಉಳಿಸಿಕೋ. ಅಂಬರ ಮಾಡಿದ್ದು ಇಷ್ಟೇ. ಚಾಂದಬೀಬಿ ಸಾಯುವ ದಿನ ಹೇಳಿದ್ದೂ ಇಷ್ಟೇ.

ಬಿಜಾಪುರದಲ್ಲಿ ಇಬ್ರಾಹಿಮ 1627ರವರೆಗೆ ಆಳಿದ. ‘ಕಿತಾಬ್-ಎ-ನವರಸ’ ಬರೆದ. ಶಾರದೆಯನ್ನೂ ಗಣಪತಿಯನ್ನೂ ಸ್ತುತಿಸಿದ. ಜನ ಅವನನ್ನು ಜಗದ್ಗುರು ಎಂದರು. ಆ ಸುಲ್ತಾನ ಒಂಬತ್ತು ವರ್ಷದವನಿದ್ದಾಗ ಅವನ ಓದು ಬರಹದ ಹೊಣೆ ಹೊತ್ತವಳು ಯಾರು ಎಂಬುದನ್ನು ನವರಸದ ಬಗ್ಗೆ ಬರೆಯುವವರು ಅಷ್ಟಾಗಿ ನೆನೆಯುವುದಿಲ್ಲ. ಸುರಪುರದಲ್ಲಿ ಬಹುಕಾಲ ಆಡಳಿತಗಾರನಾಗಿದ್ದ ಮೆಡೋಸ್ ಟೇಲರ್ ಆಕೆಯನ್ನು ನಾಯಕಿಯಾಗಿಸಿ ಇಂಗ್ಲಿಷಿನಲ್ಲಿ ಕಾದಂಬರಿ ಬರೆದ. ಅದು 1878ರಲ್ಲಿ ಅಚ್ಚಾಯಿತು. ಅಲ್ಲಿಂದ ಈಚೆಗೆ ವೀರರಾಣಿಯ ಚಿತ್ರವೇ ಎಲ್ಲ ಕಡೆ ನೆಲೆಯೂರಿತು.

ವೀರರಾಣಿ ಎನ್ನಲು ಅಡ್ಡಿಯಿಲ್ಲ. ಆದರೆ ಆಕೆ ಹೊರಗಿನ ಶತ್ರುವಿನ ಎದುರು ಕತ್ತಿ ಹಿರಿದದ್ದು ಒಂದೆರಡು ಸಲ. ಉಳಿದ ಆಯುಷ್ಯವೆಲ್ಲ ಕಳೆದದ್ದು ತನ್ನ ಕಡೆಯ ಗಂಡಸರನ್ನು ಒಂದೇ ಜಾಜಮಿನ ಮೇಲೆ ಕೂರಿಸುವುದರಲ್ಲಿ. ಹೆತ್ತ ಮಗು ಒಂದೂ ಇಲ್ಲದೆ ಎರಡು ಮನೆಯ ಎರಡು ಮಕ್ಕಳಿಗಾಗಿ ಎರಡು ತಖ್ತು ಕಾದಳು. ಕಾದಳು, ಆದರೆ ತಾನು ಏರಲಿಲ್ಲ. ಎರಡು ಸಲವೂ ದ್ರೋಹಿ ಎನ್ನಿಸಿಕೊಂಡದ್ದು ಎರಡೂ ಮನೆಯನ್ನು ತನ್ನದೆಂದು ಬಗೆದ ತಪ್ಪಿಗೆ. ಸಾತಾರದಿಂದ ಬಿಜಾಪುರದವರೆಗಿನ ಈ ಹೊಳೆಸಾಲಿನಲ್ಲಿ ಒಂದು ಮನೆಯ ಮಾತು ಮರಾಠಿ, ಅದೇ ಮನೆಗೆ ಬಂದ ಸೊಸೆಯ ಮಾತು ಕನ್ನಡ ಆಗಿರುವುದು ಇಂದಿಗೂ ಸಾಮಾನ್ಯ. ಎರಡು ಕಡೆಯ ನಂಟನ್ನು ಹೊತ್ತು ನಡೆಯುವವರ ಕಷ್ಟ ಇಲ್ಲಿಯವರಿಗೆ ಹೇಳಿಕೊಡಬೇಕಿಲ್ಲ. ಅಂಥವರ ಸಾಲಿನಲ್ಲಿ ಚಾಂದಬೀಬಿಯನ್ನೂ ಇಟ್ಟು ನೋಡಿದರೆ, ಕಂಡಿಯಲ್ಲಿ ನಿಂತ ಆ ಸಂಜೆಯಷ್ಟೇ ಜುನ್ನರಕ್ಕೆ ಹೋಗೋಣ ಎಂದ ಆ ದಿನವೂ ಅವಳ ಸಾಹಸವೇ ಎಂದು ಒಪ್ಪಬೇಕಾಗುತ್ತದೆ.